ಫುಟ್‌ವಾಲ್ವ್ ಹಿಡಿದು ಲೆಕ್ಕಕ್ಕೆ ಕೂತವರು

ರಾಯಬಾಗ ತಾಲ್ಲೂಕಿನ ಕುಡಚಿಯಲ್ಲಿ ಕೃಷ್ಣೆಯ ದಂಡೆಗೆ ಹೋದರೆ ನೀರಿಗಿಂತ ಮೊದಲು ಕಾಣುವುದು ಪೈಪು. ಅಥಣಿ, ಕಾಗವಾಡದ ಕಡೆಯ ದಂಡೆಯಲ್ಲೂ, ಚಿಕ್ಕೋಡಿ-ನಿಪ್ಪಾಣಿ ಸೀಮೆಯ ದೂಧಗಂಗಾ, ವೇದಗಂಗಾ ತೀರದಲ್ಲೂ ಇದೇ ನೋಟ. ಇಲ್ಲಿಯ ಕಬ್ಬು ನಿಂತಿರುವುದು ಪಂಪ್‌ಸೆಟ್ಟಿನ ಮೇಲೆ.

ನಾನು ಹೋದ ದಿನ ರೈತರೊಬ್ಬರು, ಹೊಳೆಯೊಳಗೆ ಪೈಪಿನ ತುದಿಗೆ ಇರುವ ಫುಟ್‌ವಾಲ್ವನ್ನು ನೀರಿನಿಂದ ಎಳೆದು ದಂಡೆಗೆ ಹಾಕಿದ್ದರು. ಜಾಳಿಗೆಯ ಅರ್ಧ ತೂತುಗಳಲ್ಲಿ ಹೂಳು, ಪಾಚಿ. ಒಳಗಿನ ತೊಗಲಿನ ಮುಚ್ಚಳ ಹರಿದಿತ್ತು. ಮುಚ್ಚಳ ಸರಿಯಾಗಿ ಕೂರದಿದ್ದರೆ ಪೈಪಿನ ನೀರು ಹೊಳೆಗೇ ಇಳಿಯುತ್ತದೆ. ನಡುರಾತ್ರಿ ಕರೆಂಟು ಬಂದಾಗ ಬ್ಯಾಟರಿ ಹಿಡಿದು ಬಂದು ಕೊಡ ಕೊಡ ನೀರು ಹೊಯ್ದು ಪಂಪು ತುಂಬಿಸಬೇಕು. “ಮೋಟಾರಿಂದೇನೂ ತಪ್ಪಿಲ್ರಿ, ಇದು ನೀರು ಜಗ್ಗಗೊಡವಲ್ದು” ಎಂದರು.

ಫುಟ್‌ವಾಲ್ವ್ ಅಡ್ಡ ನಿಂತರೆ ಅದೇ ನೀರಿಗೆ ಹೆಚ್ಚು ಕರೆಂಟು ಎಂಬ ಈ ಮಾತನ್ನು ಒಂದು ರಾಜ್ಯದ ವಿದ್ಯುತ್ ಯೋಜನೆಯ ಲೆಕ್ಕಕ್ಕೆ ತಂದವರು ಅಮೂಲ್ಯ ರೆಡ್ಡಿ. ಅವರ ಸಲುವಾಗಿಯೇ ಈ ಬರಹ. ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಜಗತ್ತು ಓದುವ ಪಠ್ಯಪುಸ್ತಕದ ಸಹಲೇಖಕರಾಗಿದ್ದವರು, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ ದುಡಿಯುವ ‘ಅಸ್ತ್ರ’ ಎಂಬ ಘಟಕ ಕಟ್ಟಿ ಹಳ್ಳಿಯ ಒಲೆಯ ಮುಂದೆ ಕೂತರು. ಸೌದೆ ಉಳಿಸುವ ಅಸ್ತ್ರ ಒಲೆ ಅಲ್ಲಿಂದ ಬಂತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಲ್ಲಿ ಸಗಣಿ ಅನಿಲದಿಂದ ಇಂಜಿನ್ ಓಡಿಸಿ ಮನೆಗಳಿಗೆ ದೀಪ, ನಲ್ಲಿ ನೀರು ಕೊಟ್ಟದ್ದೂ ಆ ಬಳಗವೇ.

1991ರಲ್ಲಿ ನಿವೃತ್ತರಾದ ರೆಡ್ಡಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಎನರ್ಜಿ ಇನಿಶಿಯೇಟಿವ್ ಎಂಬ ಸ್ವತಂತ್ರ ಸಂಸ್ಥೆ ಶುರುಮಾಡಿದರು. ಬಡ ದೇಶಗಳ ಇಂಧನದ ಲೆಕ್ಕವನ್ನು ಆ ದೇಶಗಳವರೇ ಹಾಕಬೇಕು ಎಂಬುದು ಅದರ ಹಟ. 1994ರಿಂದ ಒಂದು ಸಂಶೋಧನಾ ಪತ್ರಿಕೆಯನ್ನೂ ತಂದಿತು. ಅಷ್ಟರಲ್ಲಾಗಲೇ ರೆಡ್ಡಿ ಮತ್ತು ಸಂಗಡಿಗರು ಕರ್ನಾಟಕಕ್ಕಾಗಿ ‘ಡಿಫೆಂಡಸ್’ ಎಂಬ ಲೆಕ್ಕ ಮುಂದಿಟ್ಟಿದ್ದರು. 2000ನೇ ಇಸವಿಗೆ ಎಷ್ಟು ವಿದ್ಯುತ್ ಬೇಕೆಂದು 1987ರ ಸರ್ಕಾರಿ ಯೋಜನೆ ಹೇಳಿತ್ತೋ, ಅದರ ಐದರಲ್ಲಿ ಎರಡು ಪಾಲು ಸಾಕು ಎಂದರು. ಯಾರ ಮನೆಯ ದೀಪವನ್ನೂ ಆರಿಸಿ ಮಾಡಿದ ಉಳಿತಾಯವಲ್ಲ ಅದು. ಕಡಿಮೆ ಕರೆಂಟು ತಿನ್ನುವ ಬಲ್ಬು, ಬಿಸಿಲಿನಲ್ಲಿ ಕಾಯುವ ಸ್ನಾನದ ನೀರು, ಪಂಪ್‌ಸೆಟ್ಟಿಗೆ ಒಳ್ಳೆಯ ಫುಟ್‌ವಾಲ್ವ್, ನುಣುಪಾದ ಪೈಪು ಇಷ್ಟನ್ನು ಮೊದಲು ಮಾಡಿ, ಆಮೇಲೆ ಹೊಸ ಸ್ಥಾವರದ ಮಾತು ಎಂಬ ಕ್ರಮ. ಇಷ್ಟು ನೆಲದ ಮೇಲೆ ನಿಂತ ವಿಜ್ಞಾನ ನಮ್ಮಲ್ಲಿ ಅಪರೂಪ.

ರೆಡ್ಡಿ 2006ರಲ್ಲಿ ತೀರಿಕೊಂಡರು. ಈಗ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ರೈತನಿಗೆ ಅದು ಬೇಕೇ ಬೇಕು, ನಾನು ಅದರ ವಿರೋಧಿಯಲ್ಲ. ಆದರೆ ಹಳೇ ವಾಲ್ವ್ ಎಷ್ಟು ಕರೆಂಟು ತಿಂದಿತೆಂದು ಹೇಳುವ ಬಿಲ್ಲು ಅವನ ಕೈಗೆ ಬರುವುದಿಲ್ಲ. ಹೊಸ ವಾಲ್ವಿನ ಖರ್ಚು ಅವನದು, ಉಳಿಯುವ ಕರೆಂಟು ಬೇರೆಯವರದು.

ದಂಡೆಯ ಮೇಲಿದ್ದ ರೈತರು ತಂತಿಯ ಬ್ರಶ್ಶಿನಿಂದ ಜಾಳಿಗೆ ತಿಕ್ಕಿದರು. ಹರಿದ ಮುಚ್ಚಳದ ಜಾಗಕ್ಕೆ ಟೈರಿನ ಟ್ಯೂಬು ಕತ್ತರಿಸಿ ಕೂರಿಸಿದರು. ಮಳೆಗಾಲಕ್ಕೆ ಹೊಳೆ ಏರಿದರೆ ಮೋಟಾರು ಎತ್ತಬೇಕಲ್ಲ, ಅಲ್ಲೀತನಕ ಇದು ನಡೀತದ ಎನ್ನುತ್ತ, ಅದೇ ಫುಟ್‌ವಾಲ್ವನ್ನು ಮತ್ತೆ ನೀರಿಗೆ ಬಿಟ್ಟರು.