ಹರ್ನಿಯಾ: ಅಡಿಕೆ ಕೊಯ್ಲು ಮುಗಿಯಲಿ ಎಂದು ಮುಚ್ಚಿಡಬೇಡಿ

ಅಡಿಕೆಯ ಗೋಣಿ ಎತ್ತುವಾಗ, ಸೊಪ್ಪಿನ ಹೊರೆ ಹೊರುವಾಗ, ಬಲವಾಗಿ ಕೆಮ್ಮುವಾಗ ತೊಡೆಸಂದಿಯಲ್ಲಿ ಒಂದು ಉಬ್ಬು ಕಾಣಿಸುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ. ಇದು ಸಾಮಾನ್ಯವಾಗಿ ಹರ್ನಿಯಾದ ಲಕ್ಷಣ. ಹೊಟ್ಟೆಯ ಗೋಡೆ ದುರ್ಬಲವಾದ ಕಡೆಯಲ್ಲಿ ಕೊಬ್ಬು ಅಥವಾ ಕರುಳು ಹೊರಕ್ಕೆ ತಳ್ಳಿ ಬರುವುದರಿಂದ ಹೀಗಾಗುತ್ತದೆ. ಗಂಡಸರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಇದು ಬರುತ್ತದೆ, ಹೆಂಗಸರಿಗೂ ಬರುವುದುಂಟು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಆದರೂ ನಮ್ಮ ಕಾಸರಗೋಡಿನ ಕಡೆಯ ಕೃಷಿಕರ ಮನೆಗಳಲ್ಲಿ ನಾವು ಇದನ್ನು ಮುಚ್ಚಿಡುತ್ತೇವೆ. ಆಪರೇಷನ್ ಎಂದರೆ ತಿಂಗಳುಗಟ್ಟಲೆ ತೋಟದ ಕೆಲಸ ನಿಂತುಹೋಗುತ್ತದೆ ಎಂಬ ಭಯವೇ ಇದಕ್ಕೆ ಮುಖ್ಯ ಕಾರಣ. ಸೊಂಟಕ್ಕೆ ಪಟ್ಟಿ ಬಿಗಿದು ದಿನ ದೂಡುತ್ತೇವೆ. ಪಟ್ಟಿಯಿಂದಾಗಲಿ ಔಷಧಿಯಿಂದಾಗಲಿ ಆ ರಂಧ್ರ ಮುಚ್ಚುವುದಿಲ್ಲ.

ಹಿಂದೆ ಸ್ನಾಯುಗಳನ್ನೇ ಎಳೆದು ಹೊಲಿಯುತ್ತಿದ್ದರು. 1980ರ ದಶಕದಲ್ಲಿ ದುರ್ಬಲ ಜಾಗಕ್ಕೆ ಬಲೆಯ ತೇಪೆ ಹಾಕುವ ಕ್ರಮ ಬಲಗೊಂಡಿತು. 1990ರ ದಶಕದ ಆರಂಭದಿಂದ ಇದೇ ಬಲೆಯನ್ನು ಲ್ಯಾಪರೊಸ್ಕೋಪಿಯ ಮೂಲಕವೂ ಇಡಲಾಗುತ್ತಿದೆ. ಇದರಲ್ಲಿ ಸಾಮಾನ್ಯವಾಗಿ ಮೂರು ಚಿಕ್ಕ ತೂತುಗಳು ಸಾಕು. ಒಂದೊಂದೂ ಸುಮಾರು 5ರಿಂದ 12 ಮಿಲಿಮೀಟರ್. ಒಳಗೆ ಅನಿಲ ತುಂಬಿ, ಪುಟ್ಟ ಕ್ಯಾಮೆರಾದಿಂದ ನೋಡುತ್ತಾ ವೈದ್ಯರು ಒಳಬದಿಯಿಂದ ಬಲೆ ಹಾಸುತ್ತಾರೆ.

ಇದರ ಲಾಭವೇನು? ಗಾಯ ಚಿಕ್ಕದು, ನೋವು ಕಡಿಮೆ, ಕೆಲಸಕ್ಕೆ ಬೇಗ ಮರಳಬಹುದು. ಎರಡೂ ಬದಿಯಲ್ಲಿ ಹರ್ನಿಯಾ ಇದ್ದರೆ ಅವೇ ತೂತುಗಳಿಂದ ಸರಿಪಡಿಸಬಹುದು. ಹಿಂದೆ ತೆರೆದು ಮಾಡಿದ ಕಡೆ ಮತ್ತೆ ಬಂದರೂ, ಹೆಂಗಸರ ತೊಡೆಸಂದಿಯ ಹರ್ನಿಯಾಕ್ಕೂ ಈ ವಿಧಾನ ಹೆಚ್ಚು ಸೂಕ್ತ. ಅನೇಕರು ಅದೇ ದಿನ ಅಥವಾ ಮರುದಿನ ಮನೆಗೆ ಬರುತ್ತಾರೆ. ಒಂದೆರಡು ವಾರಗಳಲ್ಲಿ ಹಗುರ ಕೆಲಸ ಸಾಧ್ಯ. ಗೋಣಿ ಎತ್ತುವುದು, ಮರ ಹತ್ತುವುದು ವೈದ್ಯರನ್ನು ಕೇಳಿಯೇ ಆಗಲಿ.

ಎಲ್ಲರಿಗೂ ಇದೇ ಸರಿ ಎನ್ನಲಾಗದು. ಇದಕ್ಕೆ ಸಾಮಾನ್ಯವಾಗಿ ಪೂರ್ಣ ಮತ್ತು ಬರಿಸಬೇಕು. ಹೃದಯ, ಶ್ವಾಸಕೋಶ ದುರ್ಬಲವಾಗಿರುವ ಹಿರಿಯರಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವ ತೆರೆದ ಶಸ್ತ್ರಚಿಕಿತ್ಸೆ ಹೆಚ್ಚು ಕ್ಷೇಮ. ಪಳಗಿದ ಕೈಯಲ್ಲಿ ಅದೂ ಒಳ್ಳೆಯದೇ. ಆದುದರಿಂದ ಈ ಮೂರನ್ನು ವೈದ್ಯರಲ್ಲಿ ಕೇಳಿ: ನನಗೆ ಯಾವುದು ಸೂಕ್ತ? ಈ ವಿಧಾನದಲ್ಲಿ ನಿಮಗೆ ಎಷ್ಟು ಅನುಭವವಿದೆ? ಒಟ್ಟು ಖರ್ಚು ಎಷ್ಟು? ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು ಇದ್ದವರು ಅದು ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ತೊಂದರೆ ಕೊಡದ ಉಬ್ಬಿಗೆ ಅವಸರವಿರಲಾರದು. ಅದನ್ನು ವೈದ್ಯರು ಹೇಳಲಿ. ಆದರೆ ಉಬ್ಬು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ಜೋರಾಗಿ ನೋವು, ವಾಂತಿ, ಹೊಟ್ಟೆಯುಬ್ಬರ ಇದ್ದರೆ ಅಥವಾ ಗಾಳಿ ಹೋಗದಿದ್ದರೆ ಕರುಳು ಸಿಕ್ಕಿಹಾಕಿಕೊಂಡಿರಬಹುದು. ಆಗ ತಿಕ್ಕುವುದು, ಒತ್ತುವುದು ಬೇಡ. ನಡುರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಗಂಟೆಗಳ ತಡವೂ ಜೀವಕ್ಕೆ ಎರವಾದೀತು.

ಈ ವರ್ಷದ ಕೊಯ್ಲು ತಪ್ಪಿದರೆ ಬರುವ ವರ್ಷ ಬಂದೀತು. ಮನೆಯ ಯಜಮಾನನ ಆರೋಗ್ಯ ಹಾಗಲ್ಲ. ಉಬ್ಬು ಕಂಡವರು ಇಂದೇ ಮನೆಯವರಿಗೆ ತಿಳಿಸಿ, ಈ ವಾರವೇ ವೈದ್ಯರಿಗೆ ತೋರಿಸಿ.