ಹುಳಿಮಣ್ಣಿಗೆ ಸುಣ್ಣವೆಷ್ಟು?

ಅರಿಶಿನ ಕದಡಿದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಆರತಿಯ ಕೆಂಪುನೀರು ಸಿದ್ಧವಾಗುವುದೆಂದು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ನೀರಿಗೆ ನಿಂಬೆಹಣ್ಣು ಹಿಂಡಿದರೆ ಕೆಂಪು ಅಳಿದು ಹಳದಿ ಮರಳುತ್ತದೆ. ಸುಣ್ಣ ಪ್ರತ್ಯಾಮ್ಲ, ನಿಂಬೆಯ ರಸ ಆಮ್ಲ. ಒಂದರ ಗುಣವನ್ನು ಇನ್ನೊಂದು ಕಳೆದು, ಲವಣವೂ ನೀರೂ ಉಳಿಯುತ್ತವೆ. ಇದೇ ತಟಸ್ಥೀಕರಣ. ತರೀಕೆರೆ, ಕಡೂರು, ಅಜ್ಜಂಪುರಗಳಲ್ಲಿ ಪಟ್ಟಣವಾಸಿಗಳಾಗಿದ್ದೂ ಊರ ಕಡೆ ತೋಟ ಹೊಲಗಳನ್ನು ಇರಿಸಿಕೊಂಡವರು ಬಹಳ ಮಂದಿ. ಅವರಿಗೆ ಈ ವಿಷಯ ಬರಿಯ ಪಾಠವಲ್ಲ, ಹಣದ ಲೆಕ್ಕ.

ಹುಳಿಯನ್ನು ನಾಲಗೆ ಗುರುತಿಸಬಲ್ಲುದು, ಅಳೆಯಲಾರದು. ಅದಕ್ಕಾಗಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ಸನ್ ಎಂಬ ವಿಜ್ಞಾನಿ 1909ರಲ್ಲಿ ಪಿ.ಎಚ್. ಎಂಬ ಮಾನವನ್ನು ಬಳಕೆಗೆ ತಂದರು. ಶುದ್ಧವಾದ ನೀರಿಗೆ ಅಂಕ 7. ಅದಕ್ಕಿಂತ ಕಡಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ. ಇಲ್ಲಿನ ಒಂದೊಂದು ಮೆಟ್ಟಿಲೂ ಹತ್ತು ಪಟ್ಟಿನದು. ಅಂಕ 5 ಇರುವಲ್ಲಿ, 6 ಇರುವುದರ ಹತ್ತರಷ್ಟು ಆಮ್ಲತೆ; 7 ಇರುವುದರ ನೂರರಷ್ಟು.

ಇದರಿಂದ ಒಂದು ವಿಚಿತ್ರ ಉಂಟಾಗುತ್ತದೆ. ಪಿ.ಎಚ್. 1 ಇರುವ 100 ಮಿಲಿಲೀಟರು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅಷ್ಟೇ ಬಲದ ಕಾಸ್ಟಿಕ್ ಸೋಡದ ದ್ರಾವಣವನ್ನು ಹನಿಹನಿಯಾಗಿ ಬಿಡುವೆವೆಂದುಕೊಳ್ಳೋಣ. 50 ಮಿಲಿಲೀಟರು ಬಿಟ್ಟಾಗ ಅಂಕ ಸುಮಾರು 1.5 ಮಾತ್ರ. 90 ಬಿಟ್ಟಾಗ 2.3; 99ಕ್ಕೆ 3.3. ನೂರು ತುಂಬಿದೊಡನೆ 7! ಇನ್ನೊಂದು ಮಿಲಿಲೀಟರು ಬಿದ್ದರೆ 10.7. ಬಹುಪಾಲು ಆಮ್ಲ ಕಳೆಯುವವರೆಗೆ ಅಂಕ ಆಮೆಯಂತೆ ನಡೆದು, ಕೊನೆಯಲ್ಲಿ ಕುದುರೆಯಂತೆ ನೆಗೆಯುತ್ತದೆ.

ಆದರೆ ಮಣ್ಣು ಹೀಗೆ ನೆಗೆಯುವುದಿಲ್ಲ. ಜೇಡಿಯ ಕಣಗಳೂ ಕೊಳೆತ ಎಲೆಗೊಬ್ಬರವೂ ಆಮ್ಲವನ್ನು ತಮ್ಮ ಮೈಗೆ ಅಂಟಿಸಿಕೊಂಡಿರುತ್ತವೆ. ಸುಣ್ಣ ಹಾಕಿ ನೀರಿನಲ್ಲಿದ್ದ ಆಮ್ಲವನ್ನು ಕಳೆದಂತೆಲ್ಲ ಈ ದಾಸ್ತಾನಿನಿಂದ ಮತ್ತಷ್ಟು ಹೊರಬರುತ್ತದೆ. ಪಿ.ಎಚ್. ಅಂಕವು ಅಡುಗೆಮನೆಯ ಡಬ್ಬಿಯಲ್ಲಿರುವ ಅಕ್ಕಿಯನ್ನು ಅಳೆದಂತೆ. ಕಣಜದಲ್ಲಿ ಎಷ್ಟಿದೆಯೆಂಬುದನ್ನು ಅದು ಹೇಳುವುದಿಲ್ಲ. ಎರಡು ತೋಟಗಳ ಅಂಕವೂ 5.2 ಇರಬಹುದು. ಮರಳುಮಣ್ಣಿನ ತೋಟಕ್ಕೆ ಸ್ವಲ್ಪ ಸುಣ್ಣ ಸಾಕು. ಜೇಡಿ ಹೆಚ್ಚಿರುವ ತೋಟಕ್ಕೆ ಅದರ ಹಲವು ಪಟ್ಟು ಬೇಕು.

ನಮ್ಮ ಸೀಮೆಯ ಮಣ್ಣೂ ಒಂದೇ ಬಗೆಯದಲ್ಲ. ತರೀಕೆರೆಯ ಪಶ್ಚಿಮಕ್ಕೆ, ಲಕ್ಕವಳ್ಳಿ ಕೆಮ್ಮಣ್ಣುಗುಂಡಿಗಳ ಕಡೆ, ಮಳೆ ಹೆಚ್ಚು. ಆ ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದೊಯ್ಯುವುದರಿಂದ ಕೆಂಪುಮಣ್ಣು ಹುಳಿಯಾಗುತ್ತದೆ. ಅಂಕ 5.5ಕ್ಕಿಂತ ಇಳಿದರೆ ಅಲ್ಯುಮಿನಿಯಂ ಕರಗಿ ಬೇರುಗಳನ್ನು ಕುಗ್ಗಿಸುತ್ತದೆ. ಹಾಕಿದ ರಂಜಕದ ಗೊಬ್ಬರವೂ ಗಿಡಕ್ಕೆ ಸರಿಯಾಗಿ ದಕ್ಕುವುದಿಲ್ಲ. ಅಲ್ಲಿ ಸುಣ್ಣ ಮದ್ದು. ಪೂರ್ವಕ್ಕೆ ಕಡೂರಿನ ಬಯಲಿಗೂ ಅಜ್ಜಂಪುರದ ಎರೆಭೂಮಿಗೂ ಬಂದರೆ ಮಳೆ ಕಡಮೆ. ಎರೆಮಣ್ಣಿನಲ್ಲಿ ಸುಣ್ಣದ ಹರಳುಗಳು ಸಿಕ್ಕುವುದೇ ಸಾಮಾನ್ಯ. ಅಂತಹ ಮಣ್ಣಿಗೆ ಮತ್ತೆ ಸುಣ್ಣ ಹಾಕುವುದು ಹಣ ಕಳೆದು ಕೇಡು ಕೊಂಡಂತೆ. ಕಬ್ಬಿಣ, ಸತುವುಗಳು ಬೇರಿಗೆ ಸಿಕ್ಕದೆ ಎಳೆ ಎಲೆಗಳು ಹಳದಿಗಟ್ಟುತ್ತವೆ. ಸೋಡಿಯಂ ಸೇರಿ ಚೌಳಾದ ನೆಲಕ್ಕಂತೂ ಮದ್ದು ಜಿಪ್ಸಂ, ಸುಣ್ಣವಲ್ಲ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೊಂದುಂಟು. ಒಣಮಣ್ಣಿನ ಮೇಲೆ ವಿನಿಗರ್ ಹನಿಸಿ. ನೊರೆ ಬುಸುಗುಟ್ಟಿದರೆ ಅದರಲ್ಲಿ ಸುಣ್ಣವಿದೆಯೆಂದೇ ತಿಳಿಯಿರಿ. ನೊರೆ ಬಾರದಿದ್ದ ಮಾತ್ರಕ್ಕೆ ಸುಣ್ಣ ಬೇಕೆಂದು ಅರ್ಥವಲ್ಲ. 2015ರಲ್ಲಿ ಆರಂಭವಾದ ಯೋಜನೆಯ ಮಣ್ಣು ಆರೋಗ್ಯ ಚೀಟಿಯಲ್ಲಿ ಪಿ.ಎಚ್. ಅಂಕವನ್ನು ಬರೆದಿರುತ್ತಾರೆ. ಅಂಕ ಹುಳಿಯನ್ನು ತೋರಿಸಿದರೆ ಅಲ್ಲಿಗೇ ನಿಲ್ಲದೆ, ಎಷ್ಟು ಸುಣ್ಣ ಬೇಕೆಂಬ ಪರೀಕ್ಷೆಯನ್ನೂ ಪ್ರಯೋಗಾಲಯದಲ್ಲಿ ಮಾಡಿಸಬೇಕು. ಸುಣ್ಣವನ್ನು ಮಣ್ಣಿನಲ್ಲಿ ಚೆನ್ನಾಗಿ ಬೆರೆಸಬೇಕು. ಅಮೋನಿಯಂ ಸಲ್ಫೇಟಿನೊಡನೆ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಆದುದರಿಂದ ಎರಡಕ್ಕೂ ನಡುವೆ ಕೆಲವು ವಾರಗಳ ಅಂತರವಿರಲಿ.

ಪಕ್ಕದ ತೋಟದವರು ಹಾಕಿದರೆಂದು ನಾವೂ ಅಷ್ಟೇ ಸುಣ್ಣ ಹಾಕುವುದು ಬೇಡ. ಅವರ ಡಬ್ಬಿ ನಮ್ಮ ಡಬ್ಬಿಯಂತೆಯೇ ಕಾಣಬಹುದು, ಕಣಜಗಳು ಬೇರೆ.