ಏಳನೇ ವರ್ಷದ ಹೊತ್ತಿಗೆ ತಿರುಗಿದ ಲೆಕ್ಕ

ಯುವೈಟಿಸ್ ಅಂದರೆ ಕಣ್ಣುಗುಡ್ಡೆಯ ನಡುಪದರದ ಉರಿಯೂತ. ಅದು ಕಣ್ಣಿನ ಹಿಂಭಾಗಕ್ಕೆ ಬಂದಾಗ ನೋವೇ ಇಲ್ಲದೆ ನೋಟ ಮಂಜಾಗುವುದುಂಟು. ಆಗ ಕಣ್ಣಿನೊಳಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಕೆಲವೇ ವಾರಗಳಲ್ಲಿ ಊತ ಇಳಿಸಬಲ್ಲದು. ರೋಗಿಗೆ ಹೋದ ಜೀವ ಬಂದಂತಾಗುತ್ತದೆ. ಆ ನೋಟ ಎಷ್ಟು ವರ್ಷ ಉಳಿಯುತ್ತದೆ?

ಇದನ್ನು ತಾಳ್ಮೆಯಿಂದ ಅಳೆದದ್ದು ಅಮೆರಿಕ, ಬ್ರಿಟನ್ ಮತ್ತು ಆಸ್ಟ್ರೇಲಿಯಾದ 23 ಕೇಂದ್ರಗಳಲ್ಲಿ ನಡೆದ 'ಮಸ್ಟ್' ಪ್ರಯೋಗ. ಸೋಂಕಿನಿಂದಲ್ಲದ, ತೀವ್ರ ಯುವೈಟಿಸ್ ಇದ್ದ 255 ಮಂದಿಯನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರ ಕಣ್ಣೊಳಗೆ, ವರ್ಷಗಟ್ಟಲೆ ಹನಿಹನಿಯಾಗಿ ಸ್ಟೆರಾಯ್ಡ್ ಬಿಡುವ ಫ್ಲೂಯೊಸಿನೊಲೋನ್ ಇಂಪ್ಲಾಂಟ್ ಇಟ್ಟರು. ಇನ್ನೊಂದು ಗುಂಪಿಗೆ ಸ್ಟೆರಾಯ್ಡ್ ಮಾತ್ರೆ, ಬೇಕಾದವರಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ. ಇಂಪ್ಲಾಂಟನ್ನು ಶಸ್ತ್ರಚಿಕಿತ್ಸೆಯಿಂದ ಕೂರಿಸಬೇಕು, ಸೂಜಿಯಿಂದ ಕೊಡುವ ಡೆಕ್ಸಾಮೆಥಸೋನ್ ಸ್ಟೆರಾಯ್ಡ್‌ನಂಥದ್ದಲ್ಲ. ಹಾಗಾಗಿ ಇದರ ಅಂಕಿಗಳನ್ನು ಇಂಜೆಕ್ಷನ್‌ಗೆ ನೇರವಾಗಿ ಅಂಟಿಸಲಾಗದು.

ಎರಡು ವರ್ಷದ ಹೊತ್ತಿಗೆ ಇಂಪ್ಲಾಂಟ್ ಇಟ್ಟ ಕಣ್ಣುಗಳಲ್ಲಿ 12% ಮಾತ್ರ ಉರಿಯುತ್ತಿದ್ದವು, ಇನ್ನೊಂದು ಗುಂಪಿನಲ್ಲಿ 29%. ಉರಿ ಆರಿಸುವುದರಲ್ಲಿ ಇಂಪ್ಲಾಂಟೇ ಮೇಲು. ಆದರೆ ದೃಷ್ಟಿಯಲ್ಲಿ ಎರಡೂ ಗುಂಪು ಹೆಚ್ಚು ಕಡಿಮೆ ಸಮನಾಗಿದ್ದವು.

ಲೆಕ್ಕ ತಿರುಗಿದ್ದು ಐದನೇ ವರ್ಷದ ನಂತರ.

2017ರಲ್ಲಿ ಪ್ರಕಟವಾದ ಏಳು ವರ್ಷದ ಫಲಿತಾಂಶದಲ್ಲಿ, ಔಷಧಿ ಗುಂಪಿನ ಕಣ್ಣುಗಳು ದೃಷ್ಟಿ ಪರೀಕ್ಷೆಯ ಪಟ್ಟಿಯಲ್ಲಿ ಶುರುವಿನಲ್ಲಿದ್ದದ್ದಕ್ಕಿಂತ ಸರಾಸರಿ 1.2 ಅಕ್ಷರ ಹೆಚ್ಚು ಓದಿದವು. ಇಂಪ್ಲಾಂಟ್ ಕಣ್ಣುಗಳು 6 ಅಕ್ಷರ ಕಳೆದುಕೊಂಡಿದ್ದವು. ಪಟ್ಟಿಯ ಒಂದು ಸಾಲಿಗೆ ಐದೇ ಅಕ್ಷರ ಎನ್ನುವುದು ನೆನಪಿರಲಿ. ಇಂಪ್ಲಾಂಟಿನೊಳಗಿನ ಔಷಧ ಮುಗಿದ ಮೇಲೆ ಉರಿಯೂತ ಮರುಕಳಿಸಿತು, ಅಕ್ಷಿಪಟದ ಬಳಿ ಗಾಯದ ಕಲೆ ಉಳಿಯಿತು. ಪೊರೆಯ ಆಪರೇಷನ್ ಬೇಕಾದದ್ದು 90% ಇಂಪ್ಲಾಂಟ್ ಕಣ್ಣುಗಳಿಗೆ, ಇನ್ನೊಂದೆಡೆ 50%. ಗ್ಲಾಕೋಮಾ 40%, ಇನ್ನೊಂದೆಡೆ 8%. ಏಳನೇ ವರ್ಷದ ತಪಾಸಣೆಗೆ ಸಿಕ್ಕವರು ಸುಮಾರು 70% ಮಾತ್ರ ಎಂಬ ಕೊರತೆಯೂ ಈ ಅಧ್ಯಯನಕ್ಕಿದೆ. ಆದರೂ ಇಷ್ಟು ದೂರ ರೋಗಿಗಳ ಬೆನ್ನು ಹತ್ತಿದ್ದೇ ದೊಡ್ಡ ಉಪಕಾರ. ಎರಡನೇ ವರ್ಷಕ್ಕೆ ಕಡತ ಮುಚ್ಚಿದ್ದರೆ ತಪ್ಪು ತೀರ್ಮಾನವೇ ನಿಲ್ಲುತ್ತಿತ್ತು.

ಹಾಗೆಂದು ಇಂಜೆಕ್ಷನ್ ಬೇಡವೆಂದಲ್ಲ. ದೃಷ್ಟಿಯ ನಡುಬಿಂದುವಿನಲ್ಲಿ ನೀರು ತುಂಬಿ ಊದಿಕೊಂಡಾಗ, ಕಣ್ಣಿನ ಸುತ್ತ ಕೊಡುವ ಇಂಜೆಕ್ಷನ್‌ಗಿಂತ ಒಳಗೆ ಕೊಡುವುದೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು 'ಪಾಯಿಂಟ್' ಪ್ರಯೋಗ ತೋರಿಸಿದೆ. ಅಪಾಯ ಇರುವುದು ಚುಚ್ಚಿಸಿಕೊಂಡು ಮನೆಗೆ ಹೋಗಿ ಮರೆಯುವುದರಲ್ಲಿ. ಸ್ಟೆರಾಯ್ಡ್‌ನಿಂದ ಏರಿದ ಕಣ್ಣೊತ್ತಡ ಬಹಳ ಸಲ ನೋಯುವುದೇ ಇಲ್ಲ. ಅಳೆಸಿದರಷ್ಟೇ ಗೊತ್ತಾಗುತ್ತದೆ.

ಭಾರತದಲ್ಲಿ ಇನ್ನೊಂದು ಎಚ್ಚರವೂ ಬೇಕು. ಇಲ್ಲಿ ಕ್ಷಯರೋಗವೂ ಯುವೈಟಿಸ್ ತರುತ್ತದೆ. ಆದ್ದರಿಂದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್‌ನಂಥ ಔಷಧಿ ಶುರುಮಾಡುವ ಮೊದಲು ವೈದ್ಯರು ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ ಮಾಡಿಸುತ್ತಾರೆ, ಶುರುವಾದ ಮೇಲೆ ಪಿತ್ತಜನಕಾಂಗ ಹೇಗಿದೆಯೆಂದು ಆಗಾಗ ರಕ್ತ ತೆಗೆದು ನೋಡುತ್ತಾರೆ.